ವಾಘೋಲಿಯ ನೀಲಿ ಗುಂಡು ಯಾವ ಕುಲದ್ದು?

ಪ್ರಶ್ನೆ: ಸರ್, ನಮ್ಮ ಮಾವನವರು ವಿಜಯಪುರದಿಂದ ಪುಣೆಗೆ ಬಂದ ಹೊಸತರಲ್ಲಿ ವಾಘೋಲಿಯ ಕಲ್ಲುಕ್ವಾರಿಯೊಂದರಲ್ಲಿ ಲಾರಿ ಓಡಿಸುತ್ತಿದ್ದರು. ಮೊನ್ನೆ ಮನೆ ಬದಲಿಸುವಾಗ ಅವರ ಟ್ರಂಕಿನಲ್ಲಿ ಹಳೆಯ ಮರಾಠಿ ಪತ್ರಿಕೆಯಲ್ಲಿ ಸುತ್ತಿಟ್ಟ ಕಲ್ಲೊಂದು ಸಿಕ್ಕಿತು. ಬಿಳಿ ಹರಳುಗಳ ಮೇಲೆ ಕಡಲೆಕಾಳಿನಷ್ಟು ದೊಡ್ಡ ಎರಡು ನೀಲಿ ಗುಂಡುಗಳಿವೆ. ನಮ್ಮತ್ತೆ ಅದನ್ನು ಮೈಲುತುತ್ತ ಎನ್ನುತ್ತಾರೆ. ಒಬ್ಬ ವ್ಯಾಪಾರಿ ‘ವೆನೇಡಿಯಂ ಅದಿರು’ ಎಂದರು. ಯಾವುದು ನಿಜ? ಫೋಟೊ ಕಳಿಸಿದ್ದೇನೆ.
– ಖರಾಡಿಯ ಓದುಗರು

ಉತ್ತರ: ಇಬ್ಬರೂ ಬಣ್ಣ ನೋಡಿ ಮಾತಾಡಿದ್ದಾರೆ. ಅತ್ತೆಯವರ ತಪ್ಪನ್ನು ಕ್ಷಮಿಸಬಹುದು. ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಕಲಸಿದ ಯಾರಿಗಾದರೂ ಈ ನೀಲಿ ಕಂಡರೆ ಮೊದಲು ನೆನಪಾಗುವುದು ಮೈಲುತುತ್ತವೇ. ಆದರೆ ಅದು ತಾಮ್ರದ ಲವಣ, ನೀರಿಗೆ ಬಿದ್ದರೆ ಕರಗುತ್ತದೆ, ಒಣಗಿದರೆ ಬಿಳಿಚಿಕೊಂಡು ಪುಡಿಯಾಗುತ್ತದೆ. ಇಷ್ಟು ವರ್ಷ ಟ್ರಂಕಿನಲ್ಲಿದ್ದೂ ಹೊಳಪು ಕಳೆದುಕೊಳ್ಳದ ನಿಮ್ಮ ಗುಂಡು ಅದಲ್ಲ.

ಫೋಟೊವನ್ನು ಹಿಗ್ಗಿಸಿ ನೋಡಿದೆ. ನೀವು ಗುಂಡು ಎಂದದ್ದು ಗುಂಡಲ್ಲ. ಒಂದೇ ಬಿಂದುವಿನಿಂದ ಎಲ್ಲ ದಿಕ್ಕಿಗೂ ಚಾಚಿದ ಸಣ್ಣ ಹರಳುಗಳ ಗೊಂಚಲು ಅದು, ಕದಂಬದ ಹೂವಿನ ಹಾಗೆ. ಅಂಚು ಮುರಿದ ಕಡೆ ನಡುವಿನಿಂದ ಹೊರಟ ಗೆರೆಗಳೂ ಕಾಣುತ್ತವೆ. ಕೆಳಗಿರುವ ಬಿಳಿ ಹರಳು ಸ್ಟಿಲ್ಬೈಟ್, ನೀರನ್ನು ಒಳಗಿಟ್ಟುಕೊಂಡ ಜಿಯೋಲೈಟ್ ಗುಂಪಿನ ಖನಿಜ. ಇಂಥ ಜೋಡಿ, ಅದೂ ವಾಘೋಲಿಯದು ಎಂದ ಮೇಲೆ, ನೀಲಿಯದು ಕ್ಯಾವನ್ಸೈಟ್ ಎನ್ನಲು ನನಗೆ ಅಳುಕಿಲ್ಲ.

ಕ್ಯಾಲ್ಸಿಯಂ, ವೆನೇಡಿಯಂ, ಸಿಲಿಕೇಟ್ ಈ ಮೂರರ ತಲೆಗಳನ್ನು ಕತ್ತರಿಸಿ ಹೊಲಿದ ಹೆಸರು ಇದು. 1960ರ ದಶಕದಲ್ಲಿ ಅಮೆರಿಕದ ಆರೆಗನ್ ರಾಜ್ಯದಲ್ಲಿ ಸಿಕ್ಕಿತು. 1973ರಲ್ಲಿ ಸ್ಟೇಪಲ್ಸ್, ಇವಾನ್ಸ್, ಲಿಂಡ್ಸೇ ಎಂಬ ಮೂವರು ಇದನ್ನು ಹೊಸ ಖನಿಜವೆಂದು ವಿವರಿಸಿದರು. ಅಲ್ಲಿನ ಹರಳುಗಳು ಚಿಕ್ಕವು. 1980ರ ದಶಕದ ಕೊನೆಗೆ ವಾಘೋಲಿಯ ಕ್ವಾರಿಗಳಿಂದ ದೊಡ್ಡ ಗೊಂಚಲುಗಳು ಹೊರಬರತೊಡಗಿದ ಮೇಲೆಯೇ ಜಗತ್ತಿನ ಸಂಗ್ರಹಕಾರರು ಇತ್ತ ತಿರುಗಿದ್ದು. ಜಲ್ಲಿಗೆಂದು ಒಡೆದ ಬಂಡೆಯಲ್ಲಿ ಸಿಕ್ಕಿದ್ದು ಇದು. ಎಷ್ಟು ಗೊಂಚಲುಗಳು ಕ್ರಷರಿಗೆ ಬಿದ್ದು ಪುಣೆಯ ರಸ್ತೆಗಳ ಅಡಿಯಲ್ಲಿ ಮಲಗಿವೆಯೋ, ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಈಗ ವ್ಯಾಪಾರಿಯ ಮಾತಿಗೆ ಬರುತ್ತೇನೆ, ಏಕೆಂದರೆ ತಿಳಿಯಬೇಕಾದ ಸಂಗತಿ ಇರುವುದು ಅದರಲ್ಲಿ. ಇದರಲ್ಲಿ ವೆನೇಡಿಯಂ ಇಲ್ಲವೇ? ಇದೆ, ತೂಕದಲ್ಲಿ ಸುಮಾರು ಶೇಕಡ 11ರಷ್ಟು. ನೀಲಿ ಬಣ್ಣವೂ ಅದರದೇ. ವೆನೇಡಿಯಂ ಎಷ್ಟು ಎಲೆಕ್ಟ್ರಾನ್ ಬಿಟ್ಟುಕೊಟ್ಟಿದೆ ಎಂಬುದರ ಮೇಲೆ ಬಣ್ಣ ಬದಲಾಯಿಸುವ ಧಾತು. ನೀರಿನ ದ್ರಾವಣದಲ್ಲಿ ಎರಡು ಬಿಟ್ಟರೆ ನೇರಳೆ, ಮೂರು ಬಿಟ್ಟರೆ ಹಸಿರು, ನಾಲ್ಕಕ್ಕೆ ನೀಲಿ, ಐದಕ್ಕೆ ಹಳದಿ. ಕ್ಯಾವನ್ಸೈಟಿನಲ್ಲಿರುವುದು ನಾಲ್ಕು ಬಿಟ್ಟುಕೊಟ್ಟ ವೆನೇಡಿಯಂ. ಆದರೆ ಖನಿಜದ ಕುಲ ನಿರ್ಧಾರವಾಗುವುದು ಬಣ್ಣ ಕೊಟ್ಟ ಲೋಹದಿಂದಲ್ಲ, ಅದರ ಅಸ್ಥಿಪಂಜರದಿಂದ. ಇಲ್ಲಿ ಆ ಅಸ್ಥಿಪಂಜರ ಸಿಲಿಕಾನ್ ಮತ್ತು ಆಮ್ಲಜನಕದ್ದು. ಒಂದು ಸಿಲಿಕಾನಿನ ಸುತ್ತ ನಾಲ್ಕು ಆಮ್ಲಜನಕ ಕೂತ ಘಟಕಗಳು ಕೈ ಕೈ ಹಿಡಿದು ಹಾಳೆಗಳಾಗಿವೆ. ವೆನೇಡಿಯಂ ಈ ಹಾಳೆಗಳನ್ನು ಒಂದಕ್ಕೊಂದು ಬೆಸೆಯುವ ಕೊಂಡಿ. ಹಾಳೆಗಳ ನಡುವಿನ ಖಾಲಿ ಜಾಗದಲ್ಲಿ ಕ್ಯಾಲ್ಸಿಯಮ್ಮೂ ನೀರಿನ ಅಣುಗಳೂ ಇವೆ. ನೀರೇ ತೂಕದ ಶೇಕಡ 16ರಷ್ಟಾಗುತ್ತದೆ, ಕಾಯಿಸಿದರೆ ಅದು ಬಿಟ್ಟುಹೋಗುತ್ತದೆ. ಹಾಗಾಗಿ ಖನಿಜಶಾಸ್ತ್ರದ ಪಟ್ಟಿಯಲ್ಲಿ ಇದರ ಜಾಗ ಒಂಬತ್ತನೆಯ ವರ್ಗವಾದ ಸಿಲಿಕೇಟುಗಳಲ್ಲಿ, ಅದರೊಳಗೆ ಹಾಳೆ ಸಿಲಿಕೇಟುಗಳಲ್ಲಿ. ಅಭ್ರಕವೂ ಅದೇ ಮನೆತನದ್ದು.

ಹೋಲಿಕೆಗೆ ವೆನೇಡಿನೈಟ್ ನೋಡಿ. ಅದು ಕೆಂಪು-ಕಂದು ಬಣ್ಣದ ಸೀಸದ ಖನಿಜ. ಅಲ್ಲಿ ವೆನೇಡಿಯಮ್ಮೇ ಆಮ್ಲಜನಕವನ್ನು ಸುತ್ತ ಕೂರಿಸಿಕೊಂಡು ಅಸ್ಥಿಪಂಜರ ಕಟ್ಟಿದೆ. ಆದ್ದರಿಂದ ಅದು ಫಾಸ್ಫೇಟುಗಳ ಜೊತೆ ಎಂಟನೆಯ ವರ್ಗದಲ್ಲಿದೆ. ಇನ್ನೊಂದು ಕೊನೆಯಲ್ಲಿ ಪುಣೆಯದೇ ಆದ ಪಾಷಾಣ್ ಎಂಬ ಊರಿನ ಕ್ವಾರಿಗಳ ಹಸಿರು ಖನಿಜ ಅಪೊಫಿಲೈಟ್ ಇದೆ. ಅದರ ಹಸಿರಿಗೂ ವೆನೇಡಿಯಮ್ಮೇ ಕಾರಣ, ಆದರೆ ಸೂತ್ರದಲ್ಲಿ ಅದರ ಹೆಸರೇ ಇಲ್ಲ, ಚಿಟಿಕೆಯಷ್ಟು ಬೆರೆತದ್ದು ಅಷ್ಟೇ. ಮೂರರಲ್ಲೂ ವೆನೇಡಿಯಂ ಇದೆ, ಮೂರು ಕಡೆಯೂ ಬೇರೆ ಬೇರೆ ಕೆಲಸ. ಇನ್ನು ‘ಅದಿರು’ ಎಂಬ ಮಾತು ಬಿಡಿ. ವೆನೇಡಿಯಂ ತೆಗೆಯುವವರು ಟೈಟಾನಿಯಂ ಬೆರೆತ ಕಬ್ಬಿಣದ ಅದಿರಿನಿಂದಲೂ ಉಕ್ಕಿನ ಕುಲುಮೆಯ ಕಿಟ್ಟದಿಂದಲೂ ತೆಗೆಯುತ್ತಾರೆ. ಕಡಲೆಕಾಳು ಆರಿಸಿಕೊಂಡು ಕಾರ್ಖಾನೆ ನಡೆಸುವವರಿಲ್ಲ.

ಇದು ಇಲ್ಲಿಗೆ ಬಂದದ್ದು ಹೇಗೆ ಎಂದೂ ಕೇಳುತ್ತೀರಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದಿಂದಾದ ದಖನ್ನಿನ ಬಸಾಲ್ಟಿನಲ್ಲಿ ಹತ್ತು ಲಕ್ಷ ಪಾಲಿಗೆ ಕೆಲವು ನೂರು ಪಾಲು ವೆನೇಡಿಯಂ ಇರುತ್ತದೆ. ಬಿಸಿನೀರು ಬಂಡೆಯ ಸಂದುಗಳಲ್ಲಿ ಹರಿದು, ಕರಗಿದ್ದನ್ನು ಹೊತ್ತು ತಂದು ಪೊಳ್ಳುಗಳಲ್ಲಿ ಇಳಿಸಿತು. ನಿಮ್ಮ ಕಲ್ಲಿನಲ್ಲಿ ನೀಲಿ ಗೊಂಚಲು ಸ್ಟಿಲ್ಬೈಟಿನ ಮೇಲೆ ಕೂತಿದೆಯಲ್ಲ, ಎಂದರೆ ಬಿಳಿ ಹರಳು ಮೊದಲು ಬೆಳೆದಿತ್ತು, ನೀಲಿಯದು ತಡವಾಗಿ ಬಂದ ಅತಿಥಿ.

ಪ್ರಶ್ನೆ: ಪೆಂಟಗೋನೈಟ್ ಎಂಬ ಖನಿಜದ ಸೂತ್ರವೂ ಕ್ಯಾವನ್ಸೈಟಿನ ಸೂತ್ರವೂ ಒಂದೇ ಎಂದು ಓದಿದೆ. ಹಾಗಾದರೆ ಎರಡು ಹೆಸರು ಏಕೆ?
– ಭೂವಿಜ್ಞಾನ ವಿದ್ಯಾರ್ಥಿನಿ, ಪುಣೆ

ಉತ್ತರ: ಚುಕ್ಕಿ ರಂಗೋಲಿ ಹಾಕಿದ್ದೀರಾ? ಅಷ್ಟೇ ಚುಕ್ಕಿ ಇಟ್ಟು ಗೆರೆ ಬೇರೆ ಎಳೆದರೆ ಬೇರೆಯೇ ರಂಗೋಲಿ. ಒಂದು ಕ್ಯಾಲ್ಸಿಯಂ, ಒಂದು ವೆನೇಡಿಯಂ, ನಾಲ್ಕು ಸಿಲಿಕಾನ್, ಹನ್ನೊಂದು ಆಮ್ಲಜನಕ, ನಾಲ್ಕು ನೀರು: ಚುಕ್ಕಿಗಳ ಲೆಕ್ಕ ಎರಡರಲ್ಲೂ ಅದೇ. ಕ್ಯಾವನ್ಸೈಟಿನ ಹಾಳೆಯಲ್ಲಿ ಸಿಲಿಕಾ ಘಟಕಗಳು ನಾಲ್ಕರ ಮತ್ತು ಎಂಟರ ಬಳೆಗಳಾಗಿ ಸೇರಿವೆ, ಪೆಂಟಗೋನೈಟಿನಲ್ಲಿ ಆರರ ಬಳೆಗಳಾಗಿ. ಖನಿಜದ ಹೆಸರಿಗೆ ಸೂತ್ರದಷ್ಟೇ ಜೋಡಣೆಯೂ ಮುಖ್ಯವಾದ್ದರಿಂದ ಎರಡು ಹೆಸರು.

ಕಣ್ಣಳತೆಯಲ್ಲಿ ಕ್ಯಾವನ್ಸೈಟ್ ಹೂಗೊಂಚಲು, ಪೆಂಟಗೋನೈಟ್ ಸೂಜಿಗಳ ಕಟ್ಟು. ಅದರ ಐದು ಹರಳುಗಳು ಅವಳಿಗಳಂತೆ ಒಂದೇ ನಡುವಿಗೆ ಅಂಟಿಕೊಂಡು ಬೆಳೆದು, ಅಡ್ಡ ಕೊಯ್ದರೆ ಐದು ಮೊನೆಯ ನಕ್ಷತ್ರ ಕಾಣುತ್ತದೆ. ಹೆಸರು ಬಂದದ್ದು ಅದರಿಂದ. ವಾಘೋಲಿಯಲ್ಲಿ ಇದೂ ಸಿಕ್ಕಿದೆ, ಇನ್ನೂ ವಿರಳವಾಗಿ. ಅನುಮಾನವಿದ್ದರೆ ಪರಮಾಣುಗಳ ಜೋಡಣೆಯನ್ನು ತೋರಿಸುವ ಎಕ್ಸ್-ರೇ ವಿವರ್ತನೆಯೇ ಗತಿ, ರಾಸಾಯನಿಕ ಪರೀಕ್ಷೆ ಎರಡಕ್ಕೂ ಒಂದೇ ಉತ್ತರ ಕೊಡುತ್ತದೆ.

ಪ್ರಶ್ನೆ: ಅಸಲಿಯೋ ನಕಲಿಯೋ ಮನೆಯಲ್ಲೇ ತಿಳಿಯಬಹುದೇ? ನೀರಿನಲ್ಲಿ ನೆನೆಸಿ ಕುಡಿದರೆ ಒಳ್ಳೆಯದಂತೆ, ಹೌದೇ?
– ಮತ್ತೆ ಖರಾಡಿಯಿಂದ

ಉತ್ತರ: ಕುಡಿಯಬೇಡಿ. ವೆನೇಡಿಯಂ ಇರುವ ಕಲ್ಲನ್ನು ನೆನೆಸಿ ಕುಡಿಯಲು ಹೇಳಿದವರ ಅಂಗಡಿಗೆ ಮತ್ತೆ ಹೋಗಬೇಡಿ. ಅರೆಯುವುದು, ಪುಡಿ ಮಾಡುವುದೂ ಬೇಡ.

ಕಲ್ಲು ನಿಜವಾದರೂ ಜೋಡಣೆ ಸುಳ್ಳಿರುವುದುಂಟು: ಬಿಡಿ ಗೊಂಚಲನ್ನು ಬೇರೆ ಸ್ಟಿಲ್ಬೈಟಿಗೆ ಅಂಟಿಸಿ ಮಾರುತ್ತಾರೆ. ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ಬುಡ ನೋಡಿ. ಅಂಟಿನ ಗುಳ್ಳೆ, ಮೆತ್ತಿದ ಪುಡಿ ಕಂಡೀತು. ನೇರಳಾತೀತ ಟಾರ್ಚಿನಲ್ಲಿ ಎಷ್ಟೋ ಅಂಟುಗಳು ಹೊಳೆಯುತ್ತವೆ, ಕ್ಯಾವನ್ಸೈಟ್ ಹೊಳೆಯುವುದಿಲ್ಲ. ಗೀರಿ ನೋಡುವ ಆಸೆ ಬೇಡ. ಮೋಸ್ ಮಾಪನದಲ್ಲಿ ಇದರ ಗಡಸು 3ರಿಂದ 4, ಚಾಕು ತಾಗಿದರೆ ಗೆರೆ ಬೀಳುತ್ತದೆ. ಧೂಳಿದ್ದರೆ ಮೃದುವಾದ ಕುಂಚ ಸಾಕು. ಆಮ್ಲ ಹಾಕಬೇಡಿ, ಜೊತೆಗೆ ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜವಿದ್ದರೆ ಅದು ನೊರೆಯೆದ್ದು ಕರಗುತ್ತದೆ.

ಆ ಹಳೆಯ ಪತ್ರಿಕೆಯನ್ನು ಎಸೆದಿಲ್ಲ ತಾನೇ? ಅದರ ಮೇಲೆ ತಾರೀಖು ಇರುತ್ತದೆ. ಮಾವನವರನ್ನು ಕೂರಿಸಿಕೊಂಡು ಯಾವ ಕ್ವಾರಿ, ಮೇಲಿನ ಬಂಡೆಯೋ ತಳದ್ದೋ, ಯಾರ ಕೈಯಿಂದ ಬಂತು ಎಂದು ಕೇಳಿ ಒಂದು ಚೀಟಿಯಲ್ಲಿ ಬರೆದು ಕಲ್ಲಿನ ಜೊತೆಗೇ ಇಡಿ.