ಕೊಡಗಿನಲ್ಲಿ ಎರಡು ಎಕರೆಗೆ ಹಣ್ಣಿನ ಗಿಡ ಹಾಕಿದರೆ ಸರ್ಕಾರದಿಂದ ನಿಜವಾಗಿ ಏನು ಸಿಗುತ್ತೆ?

ನೀವು ಕೇಳಿರುವುದು ಇಷ್ಟು. ಸೋಮವಾರಪೇಟೆ ತಾಲೂಕಿನಲ್ಲಿ ತಂದೆ ಹೆಸರಿನಲ್ಲಿ ಎರಡು ಎಕರೆ ಇದೆ, ಒಂದಷ್ಟು ಕಾಫಿ, ಉಳಿದದ್ದು ಖಾಲಿ. ಅಲ್ಲಿ ಬಟರ್ ಫ್ರೂಟ್, ಕಿತ್ತಳೆ ಹಾಕಬೇಕು, ಸಬ್ಸಿಡಿ ಸಿಗುತ್ತಾ, ಯಾರನ್ನು ಹಿಡಿಯಬೇಕು ಅಂತ. ನಾನೂ ಅದೇ ತಾಲೂಕಿನವನು, ನಮ್ಮದೂ ಸಣ್ಣ ಹಿಡುವಳಿ, ಈಗಿರುವ ಬಟರ್ ಫ್ರೂಟ್ ಗಿಡಗಳನ್ನು ಸಹಾಯಧನ ತಗೊಂಡೇ ಹಾಕಿದ್ದು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಸಿಗುತ್ತೆ. ಆದರೆ ದುಡ್ಡು ಮೊದಲು ಕೈಗೆ ಬಂದು ಆಮೇಲೆ ಗಿಡ ಹಾಕುವುದಲ್ಲ. ನೀವು ಖರ್ಚು ಮಾಡಿ, ಗಿಡ ಉಳಿಸಿಕೊಂಡು, ಅದನ್ನು ತೋರಿಸಿದ ಮೇಲೆ ಬರುವ ದುಡ್ಡು ಅದು. ಗಿಡ ಸತ್ತರೆ ಮುಂದಿನ ಕಂತು ಇಲ್ಲ. ಎಷ್ಟು ಪರ್ಸೆಂಟ್ ಕೊಡ್ತಾರೆ ಅಂತ ಎಲ್ಲರೂ ಕೇಳ್ತಾರೆ, ಮೊದಲ ಎರಡು ಬೇಸಿಗೆಯಲ್ಲಿ ಗಿಡಕ್ಕೆ ನೀರು ಎಲ್ಲಿಂದ ಅಂತ ಯಾರೂ ಕೇಳಲ್ಲ. ನಮ್ಮ ಕಡೆ ತೋಟ ಉಳಿಯುವುದೂ ಹೋಗುವುದೂ ಅಲ್ಲೇ.

ದಾರಿ ಮುಖ್ಯವಾಗಿ ಎರಡು. ಒಂದು ತೋಟಗಾರಿಕೆ ಇಲಾಖೆ, ಇನ್ನೊಂದು ಪಂಚಾಯಿತಿ.

ಇಲಾಖೆಯದ್ದು ರಾಷ್ಟ್ರೀಯ ತೋಟಗಾರಿಕೆ ಮಿಷನ್. 2005-06ರಲ್ಲಿ ಶುರುವಾಯಿತು, 2014-15ರಿಂದ ಸಮಗ್ರ ತೋಟಗಾರಿಕೆ ಅಭಿವೃದ್ಧಿ ಮಿಷನ್ ಅಡಿಗೆ ಬಂತು. ದುಡ್ಡಿನಲ್ಲಿ 60 ಪಾಲು ಕೇಂದ್ರದ್ದು, 40 ರಾಜ್ಯದ್ದು. ಇಲ್ಲಿ ಒಂದು ವಿಷಯ ಸರಿಯಾಗಿ ತಿಳಿದುಕೊಳ್ಳಿ. ಪರ್ಸೆಂಟ್ ಲೆಕ್ಕ ಹಾಕುವುದು ನೀವು ಮಾಡಿದ ಖರ್ಚಿನ ಮೇಲಲ್ಲ, ಒಂದು ಹೆಕ್ಟೇರಿಗೆ ಇಷ್ಟು ಅಂತ ಅವರು ಮೊದಲೇ ನಿಗದಿ ಮಾಡಿದ ಘಟಕ ವೆಚ್ಚದ ಮೇಲೆ. ಗಿಡಕ್ಕೆ ನೀವು ಜಾಸ್ತಿ ಕೊಟ್ಟಿದ್ದರೆ ಆ ಜಾಸ್ತಿ ನಿಮ್ಮ ಕೈಯಿಂದಲೇ. 2014ರ ಮಾರ್ಗಸೂಚಿಯಲ್ಲಿ ಬಹುವಾರ್ಷಿಕ ಹಣ್ಣಿನ ಬೆಳೆಗೆ ಮೂರು ವರ್ಷದ ಕಂತು 60:20:20 ಅಂತ ಇತ್ತು. ಎರಡನೇ ವರ್ಷ ನೂರಕ್ಕೆ 75 ಗಿಡ ಬದುಕಿರಬೇಕಿತ್ತು, ಮೂರನೇ ವರ್ಷ 90. ಅಂದರೆ ಸತ್ತ ಜಾಗಕ್ಕೆ ನೀವೇ ಮರುನಾಟಿ ಮಾಡಿ ತುಂಬಿಸಿರಬೇಕಿತ್ತು. 2025ರಲ್ಲಿ ಮಾರ್ಗಸೂಚಿ ಪರಿಷ್ಕರಣೆ ಆಗಿದೆ, ಘಟಕ ವೆಚ್ಚ ಏರಿಸಿದ್ದಾರೆ. ಹಾಗಾಗಿ ಯಾರೋ ಹಳೇ ರೇಟು ಹೇಳಿದರೆ ನಂಬಬೇಡಿ, ತಾಲೂಕು ತೋಟಗಾರಿಕೆ ಕಚೇರಿಯಲ್ಲಿ ಈ ವರ್ಷದ ಪಟ್ಟಿ ಕೇಳಿ ಫೋಟೋ ತೆಗೆದುಕೊಳ್ಳಿ. ನಿಮ್ಮ ಬೆಳೆ ಈ ವರ್ಷ ಜಿಲ್ಲೆಯ ಪಟ್ಟಿಯಲ್ಲಿ ಇದೆಯಾ ಅಂತಲೂ ಆಗಲೇ ಕೇಳಿ.

ಪಂಚಾಯಿತಿ ದಾರಿ ಅಂದರೆ ಉದ್ಯೋಗ ಖಾತ್ರಿ. 2005ರ ನರೇಗಾ ಕಾಯ್ದೆಯಲ್ಲಿ ಸಣ್ಣ ಮತ್ತು ಅತಿಸಣ್ಣ ರೈತರು ತಮ್ಮದೇ ಜಮೀನಿನಲ್ಲಿ ಹಣ್ಣಿನ ಗಿಡ ಹಾಕುವುದಕ್ಕೆ ಅವಕಾಶ ಇತ್ತು. ಐದು ಎಕರೆ ಒಳಗಿದ್ದರೆ ಸಣ್ಣ ರೈತ, ಎರಡೂವರೆ ಒಳಗಿದ್ದರೆ ಅತಿಸಣ್ಣ. ನೀವು ಎರಡನೇ ಗುಂಪು. ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಕ್ಕುಪತ್ರ ಸಿಕ್ಕಿದ ಯರವ, ಜೇನುಕುರುಬ ಕುಟುಂಬಗಳಿಗೂ ಇದು ಸಿಗುತ್ತಿತ್ತು, ಎಷ್ಟೋ ಜನರಿಗೆ ಅದು ಗೊತ್ತೇ ಇರಲಿಲ್ಲ ಅನ್ನುವುದು ಬೇಜಾರಿನ ಸಂಗತಿ. ಗುಂಡಿ ತೆಗೆಯುವುದು, ನೆಡುವುದು, ಆಮೇಲಿನ ಆರೈಕೆ, ಇದಕ್ಕೆಲ್ಲ ಕೂಲಿ ಬ್ಯಾಂಕ್ ಖಾತೆಗೆ ಬರುತ್ತಿತ್ತು. 2025-26ಕ್ಕೆ ಕರ್ನಾಟಕದಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ನಮ್ಮ ತೋಟಗಳಲ್ಲಿ ಹೊರಗಿನ ಆಳು ಈ ದುಡ್ಡಿಗೆ ಬರುವುದಿಲ್ಲ, ನಿಮಗೂ ಗೊತ್ತು. ಮನೆಯವರ ಹೆಸರಿನಲ್ಲಿ ಜಾಬ್ ಕಾರ್ಡ್ ಮಾಡಿಸಿ ಮನೆಯವರೇ ಗುಂಡಿ ತೆಗೆದರೆ ಮಾತ್ರ ಇದು ಲಾಭ. ನಾವು ಹಾಗೇ ಮಾಡಿದ್ದು. ಈಗ 2025ರ ಡಿಸೆಂಬರಿನಲ್ಲಿ ಸಂಸತ್ತು ನರೇಗಾ ಬದಲಿಗೆ ಹೊಸ ಕಾಯ್ದೆ ತಂದಿದೆ, ಅದರಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ ನೂರರ ಬದಲು 125 ದಿನದ ಕೆಲಸ ಅಂತ ಇದೆ. ಹಾಗಾಗಿ ಪಿಡಿಒ ಹತ್ತಿರ ನೇರವಾಗಿ ಕೇಳಿ: ವೈಯಕ್ತಿಕ ತೋಟದ ಕೆಲಸಕ್ಕೆ ಈ ಸಲ ಅರ್ಜಿ ತಗೊಳ್ತೀರಾ, ನಮ್ಮ ಹೆಸರು ಕ್ರಿಯಾ ಯೋಜನೆಗೆ ಸೇರುತ್ತಾ? ಗ್ರಾಮಸಭೆಗೆ ಹೋಗಿ ಅರ್ಜಿ ಕೊಟ್ಟು ಸ್ವೀಕೃತಿ ಇಸ್ಕೊಳ್ಳಿ. ಬಾಯಿಮಾತಿನಲ್ಲಿ ಹೇಳಿ ಬಂದರೆ ಆಗಲ್ಲ.

ಒಂದೇ ಜಾಗದ ಒಂದೇ ಕೆಲಸಕ್ಕೆ ಎರಡೂ ಕಡೆ ದುಡ್ಡು ತಗೊಳ್ಳುವ ಹಾಗಿಲ್ಲ. ಆದರೆ ಡ್ರಿಪ್ ಬೇರೆ. ಅದು ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆಯಿಂದ ಬಂದದ್ದು, ಕೇಂದ್ರದ ಲೆಕ್ಕದಲ್ಲಿ ಸಣ್ಣ ರೈತರಿಗೆ 55%, ನಮ್ಮ ರಾಜ್ಯ ತನ್ನದೂ ಸೇರಿಸಿ ಎರಡು ಹೆಕ್ಟೇರ್ ವರೆಗೆ 90% ಕೊಡುತ್ತಾ ಬಂದಿದೆ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮೊದಲು ಹಿಡಿಯಬೇಕಾದ್ದು ಇದನ್ನೇ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ನೀರು ಬೇಡ ಬೇಡ ಅನ್ನುವಷ್ಟು ಸುರಿಯುತ್ತೆ, ಫೆಬ್ರವರಿ ಮಾರ್ಚ್ ಬಂದರೆ ಎಳೇ ಗಿಡದ ಎಲೆ ಮಧ್ಯಾಹ್ನವೇ ಜೋತುಬೀಳುತ್ತೆ. ಜಾಗ ಇಳಿಜಾರಾಗಿದ್ದರೆ ಒತ್ತಡ ಸರಿದೂಗಿಸುವ ಡ್ರಿಪ್ಪರ್ ಬೇಕು ಅಂತ ಕಂಪನಿಯವರಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಕೆಳಗಿನ ಸಾಲಿಗೆ ಕೆಸರು, ಮೇಲಿನ ಸಾಲಿಗೆ ಹನಿಯೂ ಇಲ್ಲ.

ಈಗ ಕಾಗದ ಪತ್ರ. ಕೊಡಗಿನಲ್ಲಿ ಅರ್ಧ ಜನ ಬಿಟ್ಟು ಹೋಗುವುದು ಇಲ್ಲೇ. ಜಮ್ಮಾ ಜಾಗ, ಅಂದರೆ ಮನೆತನಕ್ಕೆ ತಲೆಮಾರಿನಿಂದ ಬಂದ ಜಾಗ ಆದರೆ ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಪಟ್ಟೇದಾರರ, ಅಂದರೆ ಮನೆತನದ ಹಿರಿಯರ ಹೆಸರು ಇರುತ್ತೆ, ಒಕ್ಕದ (ಮನೆತನದ) ಎಷ್ಟೋ ಜನರ ಹಕ್ಕು ಅದರಲ್ಲಿ ಇರುತ್ತೆ, ನೀವು ಪಾಲಿಗೆ ಬಂದ ಎರಡು ಎಕರೆ ಮಾಡಿಕೊಂಡಿದ್ದರೂ ಕಾಗದದಲ್ಲಿ ಅದು ಕಾಣುವುದಿಲ್ಲ. ಅಂಥ ಕಡೆ ಪಾಲುದಾರರ ಒಪ್ಪಿಗೆ ಪತ್ರ ಕೇಳ್ತಾರೆ, ಕೆಲವೊಮ್ಮೆ ಅದಕ್ಕೂ ಒಪ್ಪಲ್ಲ. ತಂದೆ ಹೆಸರಿನಲ್ಲೇ ಒಂಟಿ ಖಾತೆ ಇದ್ದರೆ ನಿಮ್ಮ ಕೆಲಸ ಎಷ್ಟೋ ಸುಲಭ, ಅರ್ಜಿ ತಂದೆ ಹೆಸರಿನಲ್ಲೇ ಹಾಕಿ. ಪಹಣಿಯ 9ನೇ ಕಾಲಂನ ಹೆಸರು, ಆಧಾರ್‌ನ ಹೆಸರು, ಬ್ಯಾಂಕ್ ಪಾಸ್‌ಬುಕ್‌ನ ಹೆಸರು ಮೂರೂ ಒಂದೇ ತರ ಇರಲಿ. ಆಮೇಲೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಫ್ರೂಟ್ಸ್ ಅನ್ನುವ ಸರ್ಕಾರದ ರೈತರ ದಾಖಲೆ ತಂತ್ರಾಂಶದಲ್ಲಿ ನೋಂದಣಿ ಮಾಡಿಸಿ ಎಫ್‌ಐಡಿ, ಅಂದರೆ ರೈತರ ಗುರುತಿನ ನಂಬರ್ ತಗೊಳ್ಳಿ. ನಂಬರ್ ಸಿಕ್ಕಿತು ಅಂತ ಸುಮ್ನೆ ವಾಪಸ್ ಬರಬೇಡಿ, ನಿಮ್ಮ ಎಲ್ಲ ಸರ್ವೆ ನಂಬರ್ ಅದಕ್ಕೆ ಸೇರಿದೆಯಾ ನೋಡಿಸಿ. ನಮ್ಮ ಫೈಲು ಒಂದು ಕಚೇರಿಯಲ್ಲಿ ತಿಂಗಳುಗಟ್ಟಲೆ ಕೂತಿದ್ದು, ಬೆಳೆ ಸಮೀಕ್ಷೆಯಲ್ಲಿ ಆ ತುಂಡು ಜಾಗಕ್ಕೂ ಬರೀ ಕಾಫಿ ಅಂತ ನಮೂದಾಗಿತ್ತು ಅನ್ನುವ ಒಂದೇ ಕಾರಣಕ್ಕೆ. ಕಾರಣ ಏನು ಅಂತ ಹೇಳುವವರೂ ಇರಲಿಲ್ಲ. ನಿಮ್ಮ ಖಾಲಿ ಜಾಗ ಸಮೀಕ್ಷೆಯಲ್ಲಿ ಖಾಲಿ ಅಂತಲೇ ಇದೆಯಾ ಮೊದಲು ನೋಡಿ. ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ರೈತರೇ ಫೋಟೋ ಹಾಕಬಹುದು.

ಮಂಜೂರಾತಿ ಕೈಗೆ ಬರುವ ತನಕ ಗುಂಡಿ ತೆಗೆಯಬೇಡಿ. ಕೆಲಸಕ್ಕೆ ಮೊದಲು, ಕೆಲಸ ನಡೆಯುವಾಗ, ಮುಗಿದ ಮೇಲೆ ಅಂತ ಮೂರು ಹಂತದ ಫೋಟೋ ಬೇಕು. ಖಾಲಿ ಜಾಗದ ಫೋಟೋ ಇಲ್ಲದೆ ಉದ್ಯೋಗ ಖಾತ್ರಿ ಬಿಲ್ ಆಗಲ್ಲ. ಮಳೆ ಹಿಡಿಯಿತು ಅಂತ ಆತುರ ಆಗುತ್ತೆ, ನಿಜ. ಅದಕ್ಕೇ ಅರ್ಜಿಯನ್ನು ಹಿಂದಿನ ವರ್ಷದ ಕೊನೆಗೇ ಹಾಕಬೇಕು.

ಗಿಡದ ವಿಷಯಕ್ಕೆ ಬರುತ್ತೇನೆ. ಬೀಜದ ಬಟರ್ ಫ್ರೂಟ್ ಹಾಕಬೇಡಿ, ಕಾಯಿ ಹೇಗೆ ಬರುತ್ತೆ ಹೇಳಲು ಆಗಲ್ಲ, ಫಸಲಿಗೆ ಬರುವುದೂ ತಡ. ಕಸಿ ಗಿಡ ಆದರೆ ಮೂರು ನಾಲ್ಕು ವರ್ಷಕ್ಕೆ ಕಾಯಿ ಕಾಣುತ್ತೆ. ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ಅರ್ಕಾ ಸುಪ್ರೀಂ, ಅರ್ಕಾ ಕೂರ್ಗ್ ರವಿ ಅಂತ ತಳಿ ಕೊಟ್ಟಿದ್ದಾರೆ. ಒಮ್ಮೆ ಅಲ್ಲಿಗೆ ಹೋಗಿ ಬನ್ನಿ, ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರಕ್ಕೂ ಹೋಗಿ. ನರ್ಸರಿಯಲ್ಲಿ ಚೀಲ ಎತ್ತಿ ನೋಡಿ: ಕಸಿ ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಇನ್ನೂ ಇದ್ದು ಕಾಂಡಕ್ಕೆ ಕಚ್ಚಿಕೊಂಡಿದೆಯಾ, ಚೀಲದ ತಳದಲ್ಲಿ ತಾಯಿಬೇರು ಸುತ್ತಿಕೊಂಡು ಮುದ್ದೆಯಾಗಿದೆಯಾ. ಆಗಿದ್ದರೆ ಅಂಥದ್ದು ಬಿಟ್ಟಿ ಕೊಟ್ಟರೂ ಬೇಡ. ಇಲಾಖೆಯಿಂದ ಬಂದ ಗಿಡ ಅಂತ ಸಂಕೋಚ ಪಡಬೇಡಿ, ಆರಿಸಿಕೊಳ್ಳಿ. ಇನ್ನೊಂದು, ಬಟರ್ ಫ್ರೂಟ್ ಹೂವಿನಲ್ಲಿ ಎ, ಬಿ ಅಂತ ಎರಡು ಜಾತಿ. ಒಂದರಲ್ಲಿ ಬೆಳಿಗ್ಗೆ ಹೆಣ್ಣು ಹೂ ಅರಳಿದರೆ ಇನ್ನೊಂದರಲ್ಲಿ ಮಧ್ಯಾಹ್ನ. ಎರಡನ್ನೂ ಬೆರೆಸಿ ಹಾಕಿದರೆ ಕಾಯಿ ಕಚ್ಚುವುದು ಜಾಸ್ತಿ. ನೀರು ನಿಲ್ಲುವ ಜಾಗದಲ್ಲಿ ಬೇರು ಕೊಳೆತು ಗಿಡ ಹೋಗುತ್ತೆ, ಹಾಗಾಗಿ ದಿಬ್ಬ ಮಾಡಿ ನೆಡಿ.

ಕಿತ್ತಳೆ ಬಗ್ಗೆ ಹೇಳಲು ನನಗೆ ಸಂಕಟ ಆಗುತ್ತೆ. ಕೊಡಗಿನ ಕಿತ್ತಳೆಗೆ 2006ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಬಂತು, ಆದರೆ ಅಜ್ಜನ ಕಾಲದಲ್ಲಿ ಕಾಫಿ ನಡುವೆ ತುಂಬಿದ್ದ ಮರಗಳು ಹಳದಿ ಎಲೆ ರೋಗ, ಬೇರು ಕೊಳೆ, ಕಾಂಡಕೊರಕದಿಂದ ಒಂದೊಂದಾಗಿ ಹೋದವು. ಹಳದಿ ಎಲೆ ರೋಗ ಅಂದರೆ ಗ್ರೀನಿಂಗ್, ಅದನ್ನು ಹರಡುವುದು ಚಿಗುರಿಗೆ ಬರುವ ಸಣ್ಣ ಸಿಲ್ಲಾ ಹುಳ. ಹಾಕಿ, ಖಂಡಿತ ಹಾಕಿ, ಹಾಕದಿದ್ದರೆ ಉಳಿಯುವುದು ಹೇಗೆ? ಆದರೆ ರೋಗಮುಕ್ತ ಅಂತ ಪರೀಕ್ಷೆ ಆದ ಕಸಿ ಗಿಡ ಮಾತ್ರ, ಸಂತೆಯಲ್ಲಿ ಮಾರುವ ಗಿಡ ಬೇಡ. ಮೊದಲ ವರ್ಷ ಕಮ್ಮಿ ಹಾಕಿ ನೋಡಿ.

ಮಧ್ಯದ ಖರ್ಚಿಗೆ ಕೈಸಾಲ ಮಾಡಬೇಡಿ. ಸೊಸೈಟಿಯಲ್ಲಿ ಐದು ಲಕ್ಷದ ತನಕ ಬಡ್ಡಿ ಇಲ್ಲದ ಬೆಳೆ ಸಾಲ ಇದೆ, ತೋಟ ಮಾಡುವಂಥ ದೀರ್ಘಾವಧಿ ಕೆಲಸಕ್ಕೆ 15 ಲಕ್ಷದ ತನಕ 3% ಬಡ್ಡಿಯ ಸಾಲ ಇದೆ, 2023ರ ಬಜೆಟ್‌ನಲ್ಲಿ ಏರಿಸಿದ ಮಿತಿ ಇದು. ಸದಸ್ಯತ್ವ ಇರಬೇಕು, ಕಂತು ತಪ್ಪಬಾರದು. ತಪ್ಪಿದರೆ ಬಡ್ಡಿ ರಿಯಾಯಿತಿ ಹೋಗುತ್ತೆ.

ಆನೆ ಓಡಾಡುವ ಜಾಗ ಆದರೆ ಬಾಳೆ, ಹಲಸು ಹಾಕುವ ಮುಂಚೆ ಪಕ್ಕದ ತೋಟದವರನ್ನು ಕೇಳಿ. ಬೆಳೆ ಹಾನಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತೆ, ಆದರೆ ಐದು ವರ್ಷ ಸಾಕಿದ ಮರಕ್ಕೆ ಸಿಗುವ ಮೊತ್ತ ಆ ಐದು ವರ್ಷಕ್ಕೆ ಸಮ ಆಗಲ್ಲ.

ನಿಮ್ಮ ಜಾಗ ಜಮ್ಮಾನಾ, ಸಾಗುನಾ (ಪೂರ್ತಿ ಕಂದಾಯ ಕಟ್ಟುವ ಮಾಮೂಲಿ ಜಾಗ), ನೀರಿಗೆ ಕೆರೆ ಇದೆಯಾ ಬೋರ್‌ವೆಲ್ ಇದೆಯಾ, ಅಷ್ಟು ಕೆಳಗೆ ಬರೆಯಿರಿ. ಸರ್ವೆ ನಂಬರ್ ಹಾಕಬೇಡಿ. ಯಾವ ಅರ್ಜಿ ಮೊದಲು ಹಾಕಬೇಕು ಅಂತ ಅದನ್ನು ನೋಡಿ ಹೇಳುತ್ತೇನೆ.