ಒಂದೇ ಸ್ಕೀ ಮೇಲೆ ನಿಲ್ಲಬೇಕಾದರೆ ಮೊದಲು ಬೈಂಡಿಂಗ್ ನೋಡಿ

ನಿಮ್ಮ ಪ್ರಶ್ನೆ ಹೀಗಿದೆ: ಊರು ಗೋಕಾಕ, ತೂಕ 78 ಕೆ.ಜಿ. ಗೋವಾದಲ್ಲಿ ಕಾಲಿಗೆ ಎರಡು ಸ್ಕೀ, ಅಂದರೆ ಉದ್ದ ಹಲಗೆ, ಕಟ್ಟಿಕೊಂಡು ದೋಣಿಯ ಹಿಂದೆ ನೀರಿನ ಮೇಲೆ ಜಾರುವುದನ್ನು ಕಲಿತಿದ್ದೀರಿ. ಈಗ ಒಂದೇ ಸ್ಕೀ ಮೇಲೆ, ಅಂದರೆ ಸ್ಲಾಲಂ ಶೈಲಿಯಲ್ಲಿ ಮುಂದುವರಿಯುವ ಆಸೆ. ಯಾರೋ ಒಬ್ಬರು ಬಳಸಿದ 65 ಇಂಚಿನ ಕಾರ್ಬನ್ ಸ್ಕೀಯನ್ನು, ಅದರ ಮೇಲೆ ಕೂರಿಸಿದ ಎರಡು ಗಟ್ಟಿ ಬೂಟುಗಳ ಸಮೇತ ಅಗ್ಗಕ್ಕೆ ಕೊಡುತ್ತಿದ್ದಾರೆ. ತೆಗೆದುಕೊಳ್ಳಲೇ?

ಬೇಡ. ಬೆಲೆ ಎಷ್ಟೇ ಇಳಿದರೂ ಬೇಡ. ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಯಂತ್ರದ ಬಿಡಿಭಾಗಗಳ ಕೆಲಸ ಮಾಡುವವನು. ಮಸ್ಕತ್‌ನಲ್ಲಿ ನೌಕರಿಯಲ್ಲಿದ್ದಾಗ ಈ ಆಟ ಹಿಡಿಯಿತು, ಇನ್ನೂ ಬಿಟ್ಟಿಲ್ಲ. ಹೊಸಬರು ಹಣ, ಯೋಚನೆ ಎರಡನ್ನೂ ಸ್ಕೀಯ ಮೇಲೆ ಸುರಿದು, ಕಾಲು ಕೂರುವ ಜಾಗವನ್ನು, ಅಂದರೆ ಬೈಂಡಿಂಗನ್ನು, ಕೊನೆಗೆ ನೋಡುತ್ತಾರೆ. ಆಗಬೇಕಾದದ್ದು ಇದರ ತಿರುಗುಮುರುಗು. ಸ್ಕೀ ಸರಿಯಾಗಿಲ್ಲದಿದ್ದರೆ ನೀವು ನೀರಿನಿಂದ ಏಳುವುದಿಲ್ಲ, ಅಷ್ಟೇ. ಬೈಂಡಿಂಗ್ ಸರಿಯಾಗಿಲ್ಲದಿದ್ದರೆ ಪಾದದ ಕೀಲು ಮುರಿಯುತ್ತದೆ.

ಕಾರಣ ಸರಳ. ಬಿದ್ದಾಗ ಎರಡೂ ಕಾಲು ಒಟ್ಟಿಗೆ ಬಿಡಿಸಿಕೊಂಡರೆ ಒಳ್ಳೆಯದು. ಎರಡೂ ಒಟ್ಟಿಗೆ ಸ್ಕೀಯಲ್ಲೇ ಉಳಿದರೂ ಸಾಮಾನ್ಯವಾಗಿ ನಡೆಯುತ್ತದೆ. ಎರಡು ಬೂಟುಗಳಲ್ಲಿ ಒಂದು ಕಾಲು ಬಿಡಿಸಿಕೊಂಡು ಇನ್ನೊಂದು ಸಿಕ್ಕಿಕೊಂಡರೆ, ಐದೂವರೆ ಅಡಿಯ ಹಲಗೆ ಸನ್ನೆಕೋಲಿನ ಹಾಗೆ ಆ ಒಂದು ಕಾಲನ್ನು ತಿರುಚುತ್ತದೆ. ಗಟ್ಟಿ ಬೂಟುಗಳ ವ್ಯವಸ್ಥೆಯಲ್ಲಿ ಎರಡೂ ಬೂಟುಗಳನ್ನು ಒಂದೇ ತಟ್ಟೆಗೆ ಕೂರಿಸಿ, ಬಿದ್ದಾಗ ಇಡೀ ತಟ್ಟೆಯೇ ಸ್ಕೀಯಿಂದ ಕಳಚುವಂತೆ ಮಾಡುವುದು ಇದೇ ಕಾರಣಕ್ಕೆ. ಆದರೆ ಎಷ್ಟು ಬಲ ಬಿದ್ದಾಗ ಕಳಚಬೇಕು ಎಂಬುದನ್ನು ಸವಾರನ ತೂಕ, ವೇಗ, ಶೈಲಿ ನೋಡಿ ಹೊಂದಿಸಬೇಕಾಗುತ್ತದೆ. ನಿಮಗೆ ಮಾರುತ್ತಿರುವವರು ತಮಗಾಗಿ ಹೊಂದಿಸಿಕೊಂಡಿದ್ದಾರೆ. ಅದನ್ನು ನಿಮ್ಮ ಮೈಗೆ ತಕ್ಕಂತೆ ಬದಲಿಸಿ ಕೊಡುವ ಅನುಭವಿ ಪಕ್ಕದಲ್ಲಿಲ್ಲದೆ ಅದರೊಳಗೆ ಕಾಲಿಡಬೇಡಿ.

ನಿಮಗೆ ನಾನು ಹೇಳುವುದು: ಮುಂದಿನ ಕಾಲಿಗೆ ಮೆತ್ತನೆಯ, ಲೇಸ್ ಇರುವ ಬೂಟು, ಹಿಂದಿನ ಕಾಲಿಗೆ ಬೆರಳುಗಳ ಮೇಲೆ ಹಾಯುವ ಬರೀ ಪಟ್ಟಿ. ಬಿದ್ದಾಗ ಹಿಂದಿನ ಕಾಲು ಪಟ್ಟಿಯಿಂದ ತಾನಾಗಿ ಜಾರುತ್ತದೆ. ಇನ್ನೊಂದು ಲಾಭ, ಕಲಿಯುವಾಗಲೇ ತಿಳಿಯುವಂಥದ್ದು: ಆಳದ ನೀರಿನಿಂದ ಏಳುವಾಗ ಹಿಂದಿನ ಕಾಲನ್ನು ಹೊರಗೇ ಬಿಟ್ಟು, ಚುಕ್ಕಾಣಿಯಂತೆ ನೀರಿನಲ್ಲಿ ಎಳೆಯುತ್ತ ಸಮತೋಲ ಹಿಡಿಯಬಹುದು. ಸ್ಕೀ ಮೇಲೆ ಬಂದು ನೆಟ್ಟಗಾದ ಮೇಲೆ ಕಾಲನ್ನು ಪಟ್ಟಿಯೊಳಗೆ ತೂರಿಸಿದರೆ ಸಾಕು. ಎರಡು ಬೂಟುಗಳಲ್ಲಿ ಈ ಅವಕಾಶವಿಲ್ಲ. ಮುಂದಿನ ಕಾಲಿನ ಅಪಾಯ ಇದರಿಂದ ಪೂರ್ತಿ ಹೋಗುವುದಿಲ್ಲ. ಹಾಗಾಗಿಯೇ ಆ ಬೂಟಿನ ಅಳತೆಗೆ ಇಷ್ಟು ಒತ್ತು ಕೊಡುತ್ತಿದ್ದೇನೆ.

ಬೂಟು ಸರಿಯಿದೆಯೇ ಎಂದು ಮನೆಯ ಅಂಗಳದಲ್ಲೇ ನೋಡಿಕೊಳ್ಳಿ. ಸ್ಕೀಯನ್ನು ದಪ್ಪ ಚಾಪೆಯ ಮೇಲಿಡಿ, ತಳದ ಹಿಂತುದಿಯಲ್ಲಿರುವ ರೆಕ್ಕೆ, ಅಂದರೆ ಫಿನ್, ನೆಲಕ್ಕೆ ತಾಗದಂತೆ ಹಿಂತುದಿಯನ್ನು ಚಾಪೆಯಿಂದಾಚೆ, ಮೆಟ್ಟಿಲಂಚಿನಲ್ಲಿ ಚಾಚಿಸಿ. ಪಾದ ಒದ್ದೆ ಮಾಡಿ, ಪಾತ್ರೆ ತೊಳೆಯುವ ಸೋಪಿನ ನೀರನ್ನು ಬೂಟಿನೊಳಗೆ ಎರಡು ಹನಿ ಬಿಡಿ. ಒಣ ಕಾಲು ಒಳಗೆ ಹೋಗುವುದೇ ಇಲ್ಲ, ಎಳೆದಾಡಿದರೆ ಬೂಟು ಹರಿಯುತ್ತದೆ. ಹಿಮ್ಮಡಿಯನ್ನು ಹಿಂಬದಿಗೆ ಒತ್ತಿ ಕೂರಿಸಿ, ಲೇಸನ್ನು ಬೆರಳಿನ ಕಡೆಯಿಂದ ಮೇಲಕ್ಕೆ ಬಿಗಿಯುತ್ತ ಬನ್ನಿ. ಈಗ ಎದ್ದು ನಿಂತು ಮೊಣಕಾಲನ್ನು ಮುಂದಕ್ಕೆ ಬಾಗಿಸಿ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಹಿಮ್ಮಡಿಯನ್ನೇ ನೋಡಲು ಹೇಳಿ. ಅದು ಮೇಲೇಳುತ್ತಿದ್ದರೆ ಬೂಟು ದೊಡ್ಡದು. ಅರ್ಧ ಕಳಚಿಕೊಳ್ಳುವ ಬೂಟಿನಲ್ಲಿ ಹಿಮ್ಮಡಿ ಹೊರಬಂದು ಬೆರಳುಗಳು ಒಳಗೇ ಸಿಕ್ಕಿಕೊಳ್ಳುತ್ತವೆ, ಗಾಯವಾಗುವುದು ಆಗಲೇ. ಹಾಗೆಂದು ಬೆರಳು ಜೋಮು ಹಿಡಿಯುವಷ್ಟು ಬಿಗಿಯಬಾರದು. ಮುಂಭಾಗ ತೆರೆದಿರುವ ಬೂಟುಗಳಲ್ಲಿ ಒಂದೇ ಅಳತೆ ಹಲವು ಪಾದಗಳಿಗೆ ಹೊಂದುತ್ತದೆ, ಗೆಳೆಯರ ನಡುವೆ ಹಂಚಿಕೊಳ್ಳುವುದಿದ್ದರೆ ಅದೇ ಅನುಕೂಲ. ನೀವೊಬ್ಬರೇ ಬಳಸುವುದಾದರೆ ನಿಮ್ಮ ಪಾದಕ್ಕೆ ತಕ್ಕ ನಿಗದಿತ ಅಳತೆಯದು ಹೆಚ್ಚು ಚೆನ್ನಾಗಿ ಹಿಡಿಯುತ್ತದೆ.

ಯಾವ ಕಾಲು ಮುಂದೆ ಎಂಬುದನ್ನು ಎರಡು ಸ್ಕೀಗಳ ಮೇಲಿರುವಾಗಲೇ ತೀರ್ಮಾನಿಸಿ. ಸಾಗುತ್ತಿರುವಾಗ ಒಂದೊಂದು ಕಾಲನ್ನು ಸ್ವಲ್ಪ ಎತ್ತಿ ನೋಡಿ. ಯಾವ ಕಾಲಿನ ಮೇಲೆ ಸಲೀಸಾಗಿ ನಿಲ್ಲುತ್ತೀರೋ ಅದು ಮುಂದಕ್ಕೆ.

ಇನ್ನು ಸ್ಕ್ರೂ. ಇದನ್ನು ಯಾರೂ ಹೇಳುವುದಿಲ್ಲ, ನನ್ನ ಕಸುಬಿನ ಕಾರಣಕ್ಕೆ ನಾನು ಹೇಳಲೇಬೇಕು. ಅಮೆರಿಕದ ಸ್ಕೀಗಳಲ್ಲಿ ಬೈಂಡಿಂಗ್ ಕೂರಿಸುವ, ಸ್ಕ್ರೂ ಹಿಡಿಯಲು ಸ್ಕೀಯೊಳಗೆ ಹುದುಗಿಸಿದ ಲೋಹದ ಇನ್ಸರ್ಟ್‌ಗಳು ಸಾಮಾನ್ಯವಾಗಿ ಕಾಲು ಇಂಚಿನವು, ಇಂಚಿಗೆ 20 ಥ್ರೆಡ್. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೈಗೆ ಸಿಗುವುದು 6 ಮಿ.ಮೀ. ಮೆಟ್ರಿಕ್ ಸ್ಕ್ರೂ. ಕಣ್ಣಿಗೆ ಎರಡೂ ಒಂದೇ. ಒಂದೆರಡು ಸುತ್ತು ಒಳಗೂ ಹೋಗುತ್ತದೆ, ಆಮೇಲೆ ಥ್ರೆಡ್ ಕೆಡಿಸುತ್ತದೆ. ಉದ್ದವೂ ಮುಖ್ಯ: ಹೆಚ್ಚು ಉದ್ದದ ಸ್ಕ್ರೂ ಇನ್ಸರ್ಟ್ ದಾಟಿ ಸ್ಕೀಯ ತಳಕ್ಕೆ ಒತ್ತುತ್ತದೆ. ಸ್ಟೇನ್‌ಲೆಸ್ ಉಕ್ಕಿನದೇ ಇರಲಿ. ಬೇರೆ ಕಂಪನಿಯ ಬೂಟು ತಂದು ತಟ್ಟೆಯ ತೂತುಗಳು ಹೊಂದದಿದ್ದರೆ ಅಲ್ಯೂಮಿನಿಯಂ ತಟ್ಟೆಯಲ್ಲಿ ಹೊಸ ತೂತು ಕೊರೆಸಬಹುದು, ಉದ್ಯಮಬಾಗದ ಯಾವ ವರ್ಕ್‌ಶಾಪಿಗೂ ಅದು ದೊಡ್ಡ ಕೆಲಸವಲ್ಲ. ಸ್ಕೀಗೆ ಮಾತ್ರ ಡ್ರಿಲ್ ಮುಟ್ಟಿಸಬೇಡಿ. ನೀರಿಗಿಳಿಯುವ ಮುನ್ನ ಪ್ರತಿ ಸಲವೂ ಸ್ಕ್ರೂಡ್ರೈವರ್ ಹಿಡಿದು ಎಲ್ಲವನ್ನೂ ಒಮ್ಮೆ ಬಿಗಿ ನೋಡುವುದು ನನ್ನ ಕ್ರಮ, ನಿಮ್ಮದೂ ಆಗಲಿ.

ಸ್ಕೀ ಆರಿಸುವುದು ಎತ್ತರ ನೋಡಿ ಅಲ್ಲ, ತೂಕ ಮತ್ತು ದೋಣಿಯ ವೇಗ ನೋಡಿ. 78 ಕೆ.ಜಿ.ಗೆ, ಗಂಟೆಗೆ 45ರಿಂದ 50 ಕಿ.ಮೀ. ಆಸುಪಾಸಿನಲ್ಲಿ, 67 ಇಂಚು ಸರಿ. ದೋಣಿ ಅಷ್ಟು ವೇಗ ಎಳೆಯದಿದ್ದರೆ 68 ಅಥವಾ 69ಕ್ಕೆ ಹೋಗಿ. ನಡುಭಾಗ ಅಗಲವಾಗಿರುವುದನ್ನೇ ಕೇಳಿ: ಅದು ಬೇಗ ನೀರಿನ ಮೇಲೆ ಬರುತ್ತದೆ, ನಿಧಾನ ವೇಗದಲ್ಲೂ ಮುಳುಗದೆ ಹೊರುತ್ತದೆ. ನಿಮಗೆ ಸಿಗುತ್ತಿರುವಂಥ ಕಿರಿದಾದ ಕಾರ್ಬನ್ ಸ್ಕೀಗಳು ಸ್ಪರ್ಧೆಯ ಅಂಕಣಕ್ಕೆ ಮಾಡಿದವು. ಅಲ್ಲಿ 259 ಮೀಟರ್ ಉದ್ದದೊಳಗೆ ನೀರಿನ ಮೇಲೆ ತೇಲುವ ಆರು ಗುರುತಿನ ಬುರುಡೆಗಳನ್ನು ಸುತ್ತಬೇಕು, ಪುರುಷರ ಗರಿಷ್ಠ ವೇಗ ಗಂಟೆಗೆ 58 ಕಿ.ಮೀ. ಆ ವೇಗದಲ್ಲಿ ಅದ್ಭುತವಾಗಿ ತಿರುಗುವ ಹಲಗೆ ಹಿಂಬದಿಗೆ ಎಂಜಿನ್ ತೂಗುಹಾಕಿದ ನಮ್ಮ ಔಟ್‌ಬೋರ್ಡ್ ದೋಣಿಯ ಹಿಂದೆ ನಿಮ್ಮನ್ನು ದಣಿಸಿಬಿಡುತ್ತದೆ. ಫಿನ್ ಬಗ್ಗೆ ಸದ್ಯಕ್ಕೆ ಒಂದೇ ಮಾತು: ಕಾರ್ಖಾನೆಯಿಂದ ಬಂದ ಸ್ಥಾನವನ್ನು ವರ್ನಿಯರ್‌ನಿಂದ ಅಳೆದು ಬರೆದಿಡಿ, ಅಲುಗಿಸಬೇಡಿ.

ಹಗ್ಗ ಸ್ಕೀಗೆಂದೇ ಮಾಡಿದ್ದಿರಲಿ. ರವಿವಾರ ಪೇಟೆಯ ನೈಲಾನ್ ಹಗ್ಗ ಗಟ್ಟಿ ನಿಜ, ಆದರೆ ರಬ್ಬರಿನಂತೆ ಹಿಗ್ಗುತ್ತದೆ. ಕೈಬಿಟ್ಟ ಹಿಡಿ ದೋಣಿಯಲ್ಲಿರುವವರ ಮುಖಕ್ಕೆ ಬಡಿಯಬಹುದು. ಔಟ್‌ಬೋರ್ಡ್ ಎಂಜಿನ್ನಿಗೆ ಹಗ್ಗ ತಾಗದಂತೆ ದೋಣಿಯ ಹಿಂಭಾಗದ ಎರಡೂ ಕೊಂಡಿಗಳಿಂದ ಕವಲು ಹಗ್ಗ ಕಟ್ಟಿ ಎಳೆಯಬೇಕು.

ಲೈಫ್ ಜಾಕೆಟ್ ಪ್ರವಾಸಿ ದೋಣಿಗಳಲ್ಲಿ ಕೊಡುವ ಕಿತ್ತಳೆ ಬಣ್ಣದ ದೊಗಲೆಯಲ್ಲ. ಬಿದ್ದಾಗ ಅದು ಕುತ್ತಿಗೆಗೆ ಏರಿ ಕೂರುತ್ತದೆ. ಮೈಗೆ ಅಂಟಿ ನಿಲ್ಲುವ, ತೇಲಿಸುವ ಸಾಮರ್ಥ್ಯ 50 ನ್ಯೂಟನ್ ಎಂದು ಬರೆದಿರುವುದನ್ನು ಕೊಳ್ಳಿ. ಬರೀ ಪೆಟ್ಟು ತಡೆಯುವ ತೆಳು ಜಾಕೆಟ್‌ಗಳೂ ಮಾರಾಟಕ್ಕಿವೆ, ಅವು ನಿಮ್ಮನ್ನು ತೇಲಿಸುವ ಭರವಸೆಯಿಲ್ಲ. ನಿಯೋಪ್ರೀನ್ ಚಡ್ಡಿ ನಮ್ಮ ಬಿಸಿಲಿಗೆ ಏಕೆ ಎನ್ನಬೇಡಿ. ವೇಗದಲ್ಲಿ ಕುಳಿತ ಭಂಗಿಯಲ್ಲಿ ಬಿದ್ದರೆ ನೀರು ಗುದದ್ವಾರದ ಮೂಲಕ, ಹೆಂಗಸರಲ್ಲಿ ಯೋನಿಯ ಮೂಲಕವೂ, ಒಳನುಗ್ಗಿ ಗಂಭೀರ ಗಾಯ ಮಾಡಬಲ್ಲದು. ನಾಚಿಕೆಯಿಂದ ಬಿಟ್ಟುಬಿಡುವ ಮಾತಲ್ಲ ಇದು.

ನಮ್ಮ ಬೇಸಿಗೆ ಬೈಂಡಿಂಗ್‌ಗಳ ಶತ್ರು. ಕಾರಿನ ಮೇಲೆ ಕಟ್ಟಿ ಮಧ್ಯಾಹ್ನದ ಬಿಸಿಲಿಗೆ ಬಿಟ್ಟರೆ ಅಂಟು ಸಡಿಲುತ್ತದೆ, ರಬ್ಬರ್ ಬಿರುಕು ಬಿಡುತ್ತದೆ. ಸಿಹಿನೀರಿನಲ್ಲಿ ತೊಳೆದು ನೆರಳಲ್ಲೇ ಒಣಗಿಸಿ. ಮುಂದೆ ಬಳಸಿದ ಸ್ಕೀ ನೋಡಲು ಹೋದಾಗಲೂ ಮೊದಲು ಬೂಟಿನ ರಬ್ಬರನ್ನು ಮಡಚಿ ಬಿರುಕು ಹುಡುಕಿ, ಆಮೇಲೆ ಇನ್ಸರ್ಟ್‌ಗಳ ಸುತ್ತ ಹೆಬ್ಬೆರಳಿನಿಂದ ಒತ್ತಿ ನೋಡಿ. ಮೆತ್ತಗೆ ತಗ್ಗಿದರೆ ಒಳಗೆ ನೀರು ಹೊಕ್ಕಿದೆ ಎಂದರ್ಥ.

ಎಲ್ಲಿ ಎಂದು ನೀವು ಕೇಳಿಲ್ಲ. ನಿಮಗೆ ಹತ್ತಿರದ್ದು ಹಿಡಕಲ್ ಜಲಾಶಯ, ಅದಕ್ಕೆಂದೇ ಹೇಳುತ್ತೇನೆ. ನೀರಾವರಿ ನಿಗಮ ಮತ್ತು ಜಿಲ್ಲಾಡಳಿತದ ಲಿಖಿತ ಅನುಮತಿ ಇಲ್ಲದೆ ಅಲ್ಲಿ ದೋಣಿ ಇಳಿಸಬೇಡಿ. ಅನುಮತಿ ಸಿಕ್ಕರೂ ಬೇಸಿಗೆಯಲ್ಲಿ ಬೇಡ: ನೀರಿಳಿದಾಗ ಹಳೇ ಹುನ್ನೂರಿನ ವಿಠ್ಠಲ ಗುಡಿ ಮೇಲೇಳುವ ಜಲಾಶಯವದು. ಅಂಥ ಕಡೆ ನೀರಿನ ಮಟ್ಟದ ಕೆಳಗೆ ಗೋಡೆ, ಮರದ ಬೊಡ್ಡೆ, ಪಂಪ್‌ಸೆಟ್ಟಿನ ಪೈಪು ಎಲ್ಲವೂ ಇರುತ್ತವೆ. ಮೀನಿನ ಬಲೆ ಎಲ್ಲೆಲ್ಲಿ ಹಾಕಿದ್ದಾರೆ ಎಂಬುದನ್ನು ಅಲ್ಲಿಯ ಮೀನುಗಾರರನ್ನೇ ಕೇಳಿ, ಸಾಧ್ಯವಾದರೆ ಅವರಲ್ಲೊಬ್ಬರನ್ನು ದೋಣಿಯಲ್ಲಿ ಕೂರಿಸಿಕೊಳ್ಳಿ. ಚಾಲಕ ಮುಂದೆ ನೋಡುತ್ತಿರುವಾಗ ನಿಮ್ಮ ಮೇಲೆ ಕಣ್ಣಿಡಲು ಹೇಗೂ ಎರಡನೆಯವರೊಬ್ಬರು ಬೇಕು.