ಪಿಎಚ್‌.ಡಿ. ಪಡೆದವರೆಲ್ಲ ಚಿಕಿತ್ಸೆ ನೀಡಬಹುದೇ?

ತುಮಕೂರಿನಲ್ಲಿ ಕುಳಿತು ಈ ಅಂಕಣ ಬರೆಯುವ ನನಗೆ ತಿಂಗಳು ತಿಂಗಳೂ ಒಂದೇ ಪ್ರಶ್ನೆ ಬೇರೆ ಬೇರೆ ಊರಿನ ವಿಳಾಸ ಹೊತ್ತು ಬರುತ್ತಿದೆ. ಈ ಸಲ ಅದಕ್ಕೆ ವಿವರವಾಗಿ ಉತ್ತರಿಸುತ್ತೇನೆ. ಉಳಿದ ಪ್ರಶ್ನೆಗಳಿಗೆ ಚುಟುಕು ಉತ್ತರ ಸಾಕು.

ಪ್ರಶ್ನೆ: ಮನೋವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದ್ದೇನೆ. ನೇರವಾಗಿ ಪಿಎಚ್‌.ಡಿ. ಮಾಡಿ ನಮ್ಮೂರಿನಲ್ಲೇ ಕ್ಲಿನಿಕ್ ತೆರೆಯುವ ಆಸೆಯಿದೆ. ಹೆಸರಿನ ಹಿಂದೆ ‘ಡಾ.’ ಬಂದರೆ ಜನ ತಾವಾಗಿಯೇ ಬರುತ್ತಾರೆ ಎಂದು ನಮ್ಮ ಚಿಕ್ಕಪ್ಪ ಹೇಳುತ್ತಾರೆ. ಇದು ಸರಿಯೇ? (ಶಿರಾ)

ಸರಿಯಲ್ಲ. ಪಿಎಚ್‌.ಡಿ. ಸಂಶೋಧನೆಯ ಪದವಿ. ಒಂದು ವಿಷಯವನ್ನು ಹಿಡಿದು, ಮಾಹಿತಿ ಕಲೆಹಾಕಿ, ವಿಶ್ಲೇಷಿಸಿ, ಮಹಾಪ್ರಬಂಧ ಬರೆಯುವುದನ್ನು ಅದು ಕಲಿಸುತ್ತದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ, ಅಂದರೆ ಯುಜಿಸಿಯ, 2022ರ ನಿಯಮದಂತೆ ಅದಕ್ಕೆ ಕನಿಷ್ಠ 3 ವರ್ಷ ಬೇಕು, ಆದರೆ ಆ ಮೂರು ವರ್ಷಗಳಲ್ಲಿ ಒಬ್ಬ ರೋಗಿಯನ್ನೂ ನೋಡದೆ ಪದವಿ ಪಡೆಯಲು ಸಾಧ್ಯವಿದೆ. ಕ್ಲಿನಿಕ್ ತೆರೆದು ಮಾನಸಿಕ ಚಿಕಿತ್ಸೆ ನೀಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಯಾರು ಎಂಬುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳಿದೆ: ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಮಾನ್ಯ ಮಾಡಿದ ಅರ್ಹತೆ ಇರಬೇಕು. ಸ್ನಾತಕೋತ್ತರ ಪದವಿಯ ನಂತರ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡುತ್ತಾ ಪೂರ್ಣಾವಧಿಯಲ್ಲಿ ಮುಗಿಸುವ 2 ವರ್ಷದ ಎಂ.ಫಿಲ್. ಇಷ್ಟು ವರ್ಷ ಇದಕ್ಕೆ ಮುಖ್ಯ ದಾರಿಯಾಗಿತ್ತು. ಯುಜಿಸಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟಾಗಲೂ ಕ್ಲಿನಿಕಲ್ ಸೈಕಾಲಜಿಗೆ ಮತ್ತು ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್‌ಗೆ ವಿನಾಯಿತಿ ಕೊಟ್ಟು ಅದನ್ನು 2025-26ರ ಶೈಕ್ಷಣಿಕ ವರ್ಷದವರೆಗೆ ವಿಸ್ತರಿಸಿತು. ಡಾಕ್ಟರೇಟ್ ಮಟ್ಟದಲ್ಲಿ ಚಿಕಿತ್ಸೆಯ ತರಬೇತಿಯೇ ಬೇಕೆನ್ನುವವರಿಗೆ ಆರ್‌ಸಿಐ ಒಪ್ಪಿದ ‘ಡಾಕ್ಟರ್ ಆಫ್ ಸೈಕಾಲಜಿ’ ಇದೆ. ನಿಯಮಗಳು ಬದಲಾಗುತ್ತಿರುವ ಈ ಕಾಲದಲ್ಲಿ, ನೀವು ಸೇರಬೇಕೆಂದಿರುವ ಸಂಸ್ಥೆಯ ಹೆಸರು, ಕೋರ್ಸಿನ ಹೆಸರು ಮತ್ತು ಆ ವರ್ಷ ಮೂರೂ ಆರ್‌ಸಿಐ ಪಟ್ಟಿಯಲ್ಲಿರುವುದನ್ನು ಕಣ್ಣಾರೆ ನೋಡದೆ ಒಂದು ರೂಪಾಯಿ ಶುಲ್ಕವನ್ನೂ ಕಟ್ಟಬೇಡಿ. ಕಾಲೇಜಿನವರ ಬಾಯಿಮಾತನ್ನು ನಂಬಿ ಎರಡು ವರ್ಷ ಕಳೆದುಕೊಂಡವರನ್ನು ನಾನು ಬಲ್ಲೆ.

ಮೇಲ್ವಿಚಾರಣೆಗೆ ಇಷ್ಟು ಒತ್ತು ಏಕೆ ಎಂದು ನೀವು ಕೇಳಬಹುದು. ಪಾವಗಡದ ಕಡೆಯ ತಾಯಿಯೊಬ್ಬರು ಪಿಯುಸಿ ಓದುವ ಮಗಳನ್ನು ಕರೆತಂದಿದ್ದರು. ಹುಡುಗಿ ಆಗಾಗ ಪ್ರಜ್ಞೆ ತಪ್ಪಿ ಬೀಳುತ್ತಿದ್ದಳು. ನರರೋಗದ ಪರೀಕ್ಷೆಗಳಲ್ಲಿ ಏನೂ ಕಂಡಿರಲಿಲ್ಲ. ‘ಗಾಳಿ ಸೋಕಿದೆ’ ಎಂದು ತಾಯತವನ್ನೂ ಕಟ್ಟಿಸಿಯಾಗಿತ್ತು. ನಮ್ಮ ತರಬೇತಿ ವಿದ್ಯಾರ್ಥಿನಿ ಮುಕ್ಕಾಲು ಗಂಟೆ ಮಾತನಾಡಿಸಿ, ನಾಲ್ಕು ಪುಟ ವಿವರ ಬರೆದು, ಪರೀಕ್ಷೆಯ ಭಯವೆಂದು ತೀರ್ಮಾನಿಸಿ ನನ್ನ ಮುಂದಿಟ್ಟಳು. ಅಕ್ಷರ ಚೆನ್ನಾಗಿತ್ತು, ಒಂದು ಶೀರ್ಷಿಕೆಯೂ ಬಿಟ್ಟುಹೋಗಿರಲಿಲ್ಲ. ‘ಇದರಲ್ಲಿ ಹುಡುಗಿ ತಾನೇ ಹೇಳಿದ ಮಾತು ಯಾವುದಮ್ಮಾ?’ ಎಂದು ಕೇಳಿದೆ. ಅವಳು ಪುಟಗಳನ್ನು ಎರಡು ಸಲ ತಿರುವಿ ಹಾಕಿದಳು. ಅಷ್ಟೂ ತಾಯಿಯ ಮಾತೇ ಆಗಿತ್ತು. ತಾಯಿಯನ್ನು ಹೊರಗೆ ಕೂರಿಸಿ ಮತ್ತೆ ಮಾತನಾಡಿಸಿದಾಗ, ಪರೀಕ್ಷೆ ಮುಗಿದ ಕೂಡಲೇ ಸೋದರಮಾವನಿಗೆ ಕೊಟ್ಟು ಮದುವೆ ಮಾಡುವ ಮಾತುಕತೆ ಮನೆಯಲ್ಲಿ ನಡೆದಿರುವುದು ಹೊರಬಿತ್ತು. ಆ ಹುಡುಗಿಗೆ ಪರೀಕ್ಷೆ ಬೇಕಿತ್ತು, ಅದು ಮುಗಿಯುವುದು ಬೇಡವಾಗಿತ್ತು. ಇಂಥ ತಪ್ಪನ್ನು ಪುಸ್ತಕವಾಗಲಿ ಮಹಾಪ್ರಬಂಧವಾಗಲಿ ತಿದ್ದುವುದಿಲ್ಲ. ಪಕ್ಕದಲ್ಲಿ ಕೂತ ಹಿರಿಯರು ಅಂದೇ ತಿದ್ದಬೇಕು, ಅದೂ ನೂರಾರು ಸಲ. ಆದ್ದರಿಂದ ಮೊದಲು ಮಾನ್ಯತೆ ಪಡೆದ ಚಿಕಿತ್ಸಾ ತರಬೇತಿ ಮುಗಿಸಿ ನೋಂದಣಿ ಮಾಡಿಸಿ. ಸಂಶೋಧನೆಯಲ್ಲಿ ನಿಜವಾದ ಆಸಕ್ತಿ ಉಳಿದಿದ್ದರೆ ಆಮೇಲೆ ಪಿಎಚ್‌.ಡಿ. ಮಾಡಿ. ನಿಮ್ಮ ಚಿಕ್ಕಪ್ಪನವರಿಗೂ ಇದನ್ನು ಓದಿಸಿ.

ಪ್ರಶ್ನೆ: ಅಮೆರಿಕದಲ್ಲಿ ‘ಕೌನ್ಸೆಲರ್ ಎಜುಕೇಷನ್’ ಪಿಎಚ್‌.ಡಿ. ಮಾಡಿದರೆ ಅಲ್ಲಿ ಸೈಕಾಲಜಿಸ್ಟ್ ಆಗಬಹುದೇ? (ಕೋಲಾರ)

ಅದು ಕೌನ್ಸೆಲರ್‌ಗಳಿಗೆ ಪಾಠ ಹೇಳುವವರನ್ನು, ಅವರ ಕೆಲಸದ ಮೇಲ್ವಿಚಾರಣೆ ಮಾಡುವವರನ್ನು ತಯಾರುಮಾಡುವ ಪದವಿ. ಅದಕ್ಕೆ ಮಾನ್ಯತೆ ನೀಡುವ ಸಂಸ್ಥೆ ಸಿಎಸಿಆರ್‌ಇಪಿ. ಸೈಕಾಲಜಿಸ್ಟ್ ಲೈಸೆನ್ಸ್ ಬೇಕಾದವರು ಕ್ಲಿನಿಕಲ್ ಅಥವಾ ಕೌನ್ಸೆಲಿಂಗ್ ಸೈಕಾಲಜಿಯಲ್ಲಿ, ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ ಮಾನ್ಯತೆಯಿರುವ ಡಾಕ್ಟರೇಟ್ ಮತ್ತು ಒಂದು ವರ್ಷದ ಇಂಟರ್ನ್‌ಶಿಪ್ ಮುಗಿಸುವುದು ಕ್ಷೇಮ. ಅಲ್ಲಿ ಪಿಎಚ್‌.ಡಿ.ಗೆ ಸಾಮಾನ್ಯವಾಗಿ ವಿಶ್ವವಿದ್ಯಾಲಯವೇ ಹಣಕಾಸಿನ ನೆರವು ಕೊಡುತ್ತದೆ, ‘ಡಾಕ್ಟರ್ ಆಫ್ ಸೈಕಾಲಜಿ’ಗೆ ಹೆಚ್ಚಿನ ಕಡೆ ಕೈಯಿಂದಲೇ ಹಣ ಕಟ್ಟಬೇಕು. ಜಮೀನು ಅಡವಿಟ್ಟು ಹೋಗುವ ಯೋಚನೆಯಿದ್ದರೆ, ನೆರವಿನ ಮೊತ್ತವನ್ನು ಬರಹದಲ್ಲಿ ಪಡೆಯುವವರೆಗೆ ತಡೆಯಿರಿ.

ಪ್ರಶ್ನೆ: ವಿದೇಶಿ ವಿಶ್ವವಿದ್ಯಾಲಯದ ಆನ್‌ಲೈನ್ ಪಿಎಚ್‌.ಡಿ. ಎಂದು ಜಾಹೀರಾತು ನೋಡಿದೆ, ಸೇರಲೇ? (ಗೌರಿಬಿದನೂರು)

ಬೇಡ. ಆನ್‌ಲೈನ್ ಶಿಕ್ಷಣ ಮಾರುವ ಎಜುಟೆಕ್ ಕಂಪನಿಗಳು ವಿದೇಶಿ ಸಂಸ್ಥೆಗಳ ಜೊತೆಗೂಡಿ ನಡೆಸುವ ಇಂಥ ಪದವಿಗಳಿಗೆ ಮಾನ್ಯತೆಯಿಲ್ಲವೆಂದು ಯುಜಿಸಿ 2022ರಲ್ಲೇ ಎಚ್ಚರಿಸಿದೆ.

ಪ್ರಶ್ನೆ: ಮೂರು ತಿಂಗಳ ಹಿಪ್ನೊಥೆರಪಿ ಡಿಪ್ಲೊಮಾದಿಂದ ಖಿನ್ನತೆಗೆ ಚಿಕಿತ್ಸೆ ಕೊಡಬಹುದೇ? (ಮಾಲೂರು)

ಕೊಡಕೂಡದು.

ಪ್ರಶ್ನೆ: ನಮ್ಮೂರಿನಲ್ಲಿ ‘ಡಾ.’ ಎಂದು ಬೋರ್ಡ್ ಹಾಕಿಕೊಂಡ ಕೌನ್ಸೆಲರ್ ಒಬ್ಬರು ನನ್ನ ತಮ್ಮನಿಗೆ ನಿದ್ರೆ ಮಾತ್ರೆ ಕೊಡುತ್ತಿದ್ದಾರೆ. ಏನು ಮಾಡಲಿ? (ಚಿಂತಾಮಣಿ)

ಇದು ಅಪರಾಧ. ನಮ್ಮಂತಹ ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಕೂಡ ಔಷಧ ಬರೆಯುವಂತಿಲ್ಲ, ಅದು ವೈದ್ಯರ ಕೆಲಸ. ಅವರ ನೋಂದಣಿ ಸಂಖ್ಯೆ ಕೇಳಿ, ಹೇಳದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಲಿಖಿತ ದೂರು ಕೊಡಿ. ಆದರೆ ಮಾತ್ರೆಯನ್ನು ಇಂದೇ ಏಕಾಏಕಿ ನಿಲ್ಲಿಸಬೇಡಿ. ಕೆಲವು ನಿದ್ರೆ ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು. ಮಾತ್ರೆಯ ಪಟ್ಟಿಯ ಸಮೇತ ತಮ್ಮನನ್ನು ನಾಳೆಯೇ ಚಿಕ್ಕಬಳ್ಳಾಪುರದ ಜಿಲ್ಲಾಸ್ಪತ್ರೆಗೆ ಕರೆದೊಯ್ದು ಮನೋವೈದ್ಯರಿಗೆ ತೋರಿಸಿ. ಅಷ್ಟರೊಳಗೆ ರಾತ್ರಿ ತೊಂದರೆಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡುತ್ತಾರೆ.